ಡಬ್ಬಿಯ ಮೇಲಿನ ಹೆಸರು

ಒಂಬತ್ತನೆಯ ತರಗತಿಯಲ್ಲಿ ರಾಜಕೀಯ ಪಕ್ಷಗಳ ಬಗ್ಗೆ ಪಾಠ ನಡೆದಿತ್ತು. ಒಂದೇ ವಿಚಾರವನ್ನು ಒಪ್ಪಿದ ಜನರ ಸಂಘಟನೆಯೇ ಪಕ್ಷ ಎಂದು ಹಲಗೆಯ ಮೇಲೆ ಬರೆದು ತಿರುಗುವಷ್ಟರಲ್ಲಿ ಹಿಂದಿನ ಸಾಲಿನ ಹುಡುಗಿ ಎದ್ದು ನಿಂತಳು. "ಬಾಯಾರ, ಅಥಣ್ಯಾಗ ಇಬ್ರೂ ಪಕ್ಷ ಅದಲ ಬದಲ ಮಾಡ್ಕೊಂಡ್ರಲ್ರೀ, ವಿಚಾರಾನೂ ಅದಲ ಬದಲ ಮಾಡ್ಕೊಂಡ್ರೇನ್ರೀ?" ಹುಡುಗಿಯರೆಲ್ಲ ನಕ್ಕರು, ನಾನೂ ನಕ್ಕೆ. ಗಂಟೆ ಹೊಡೆದದ್ದರಿಂದ ಪಾರಾದೆ.

ಈ ಸಂಗತಿ ತಿಳಿಯದವರಿಗೆ ಹೇಳುತ್ತೇನೆ. 2018ರಲ್ಲಿ ಅಥಣಿಯಲ್ಲಿ ಕಾಂಗ್ರೆಸ್ಸಿನ ಮಹೇಶ ಕುಮಠಳ್ಳಿಯವರು ಬಿಜೆಪಿಯ ಲಕ್ಷ್ಮಣ ಸವದಿಯವರನ್ನು ಸೋಲಿಸಿದರು. 2023ರಲ್ಲಿ ಮತ್ತೆ ಅವರಿಬ್ಬರೇ ಎದುರಾದಾಗ ಕುಮಠಳ್ಳಿಯವರು ಬಿಜೆಪಿ, ಸವದಿಯವರು ಕಾಂಗ್ರೆಸ್. ಗೆದ್ದವರು ಸವದಿಯವರು. ಪಕ್ಕದ ಕಾಗವಾಡದಲ್ಲಿ 2018ಕ್ಕೆ ಕಾಂಗ್ರೆಸ್ಸಿನಿಂದ ಗೆದ್ದ ಶ್ರೀಮಂತ ಪಾಟೀಲರೂ ಬಿಜೆಪಿಯಿಂದ ಸೋತ ರಾಜು ಕಾಗೆಯವರೂ 2019ರ ಉಪಚುನಾವಣೆಯ ಹೊತ್ತಿಗೇ ಬಾವುಟ ಬದಲಿಸಿ ನಿಂತಿದ್ದರು.

ನಕ್ಕೆನೆಂದೆನಲ್ಲ, ಆ ನಗು ಮನೆಯವರೆಗೆ ಬರಲಿಲ್ಲ. ಅಥಣಿ ತಾಲೂಕಿನಲ್ಲಿರುವ ನನ್ನ ತಮ್ಮನಿಗೂ ನನ್ನ ತಂಗಿಯ ಗಂಡನಿಗೂ 2018ರ ಚುನಾವಣೆಯಲ್ಲಿ ಜಗಳವಾಯಿತು. ಒಬ್ಬರು ಒಂದು ಪಕ್ಷ, ಇನ್ನೊಬ್ಬರು ಇನ್ನೊಂದು. ದೇಶ, ಧರ್ಮ, ಬಡವರು ಎಂದೆಲ್ಲ ದೊಡ್ಡ ಮಾತುಗಳಾದವು. ಆ ವರ್ಷ ಪಂಚಮಿಗೆ ತಂಗಿ ತವರಿಗೆ ಬರಲಿಲ್ಲ. ಮರುವರ್ಷ ತಂಗಿಯ ಗಂಡನ ನಾಯಕರು ನನ್ನ ತಮ್ಮನ ಪಕ್ಷಕ್ಕೇ ಬಂದರು. ಇಬ್ಬರೂ ಒಂದೇ ಬಣ್ಣದ ಶಾಲು ಹೊದ್ದರು, ಮಾತಿಲ್ಲ. 2023ರಲ್ಲಿ ತಮ್ಮ ತನ್ನ ನಾಯಕರ ಹಿಂದೆ ಆಚೆ ದಂಡೆಗೆ ಹೋದ. ಆಗಲೂ ಮಾತಿಲ್ಲ. ಐದು ವರ್ಷಗಳ ಹಿಂದೆ ಯಾವ ಮಾತಿಗಾಗಿ ಜಗಳವಾಡಿದ್ದರೋ ಆ ಮಾತನ್ನು ಈಗ ಎದುರಿನವರು ಆಡುತ್ತಿದ್ದರು. ಅವ್ವ ಮಾತ್ರ ಪ್ರತಿ ಪಂಚಮಿಗೂ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ ಒಂದು ಡಬ್ಬಿ ಬೇರೆ ತೆಗೆದಿಡುತ್ತಿದ್ದಳು.

ಡಬ್ಬಿ ಎಂದರೆ ನೆನಪಾಯಿತು. ನಮ್ಮ ಅಡಿಗೆಮನೆಯಲ್ಲಿ ಸಕ್ಕರೆ ಎಂದು ಬರೆದ ಡಬ್ಬಿಯಲ್ಲಿ ರವೆ ಇದೆ, ಚಹಾ ಎಂದು ಬರೆದದ್ದರಲ್ಲಿ ಸಾಸಿವೆ. ನಿಮ್ಮ ಮನೆಯಲ್ಲೂ ಇದ್ದೀತು. ನಮಗೇನೂ ತೊಡಕಿಲ್ಲ, ಕೈಗೆ ರೂಢಿ. ರಾಜಕೀಯದವರೂ ಇದನ್ನೇ ಹೇಳುತ್ತಾರೆ: ಹೆಸರು ನೋಡಬೇಡಿ, ಮನುಷ್ಯನನ್ನು ನೋಡಿ. ಆದರೆ ಹೊಸದಾಗಿ ಬಂದ ಸೊಸೆ ಏನು ಮಾಡಬೇಕು? ಹಿಂದಿನ ಸಾಲಿನ ಆ ಹುಡುಗಿ?

ಮೊದಲೆಲ್ಲ ಹೀಗಿರಲಿಲ್ಲ ಎಂದು ಹೇಳಲೂ ಬಾಯಿ ಬರುವುದಿಲ್ಲ. ಬಿ. ಶಂಕರಾನಂದರು 1967ರಿಂದ ಏಳು ಸಲ ಚಿಕ್ಕೋಡಿಯಿಂದ ಲೋಕಸಭೆಗೆ ಗೆದ್ದರು. ಪಕ್ಷ ಕಾಂಗ್ರೆಸ್ಸೇ, ಗುರುತು ಮಾತ್ರ ಜೋಡೆತ್ತು, ಆಮೇಲೆ ಆಕಳು-ಕರು, ಆಮೇಲೆ ಕೈ. 1980ರಲ್ಲಿ ಮತ ಹಾಕಲು ಹೋದ ಅವ್ವ "ಆಕಳಾ ಎಲ್ಲಿ ಹೋತು?" ಎಂದು ಕೇಳಿ ನಗೆಪಾಟಲಾಗಿದ್ದಳು. 1998, 1999, 2004ರಲ್ಲಿ ಇಲ್ಲಿಂದ ಗೆದ್ದ ರಮೇಶ ಜಿಗಜಿಣಗಿಯವರು ಮೂರೂ ಸಲ ಬೇರೆ ಬೇರೆ ಪಕ್ಷ: ಲೋಕಶಕ್ತಿ, ಸಂಯುಕ್ತ ಜನತಾದಳ, ಬಿಜೆಪಿ. ಜನತಾ ಪರಿವಾರ ಒಡೆದ ರೀತಿ ನೋಡಿದರೆ ಅದಕ್ಕೆ ಅವರೊಬ್ಬರೇ ಹೊಣೆಯಲ್ಲ.

ಆದರೆ ನಾನು ಇನ್ನೊಂದನ್ನೂ ಕಂಡಿದ್ದೇನೆ. 1981ರಲ್ಲಿ, ನಾನಿನ್ನೂ ಶಾಲೆಯಲ್ಲಿದ್ದಾಗ, ನಿಪ್ಪಾಣಿಯ ತಂಬಾಕು ಬೆಳೆಗಾರರು ನ್ಯಾಯವಾದ ಬೆಲೆಗಾಗಿ ಹೆದ್ದಾರಿಯ ಮೇಲೆ ವಾರಗಟ್ಟಲೆ ಕುಳಿತರು. ಏಪ್ರಿಲ್ 6ರಂದು ಗೋಲಿಬಾರು ಆಯಿತು, ರೈತರು ಸತ್ತರು. ರಸ್ತೆಯ ಮೇಲೆ ಕುಳಿತವರು ಯಾವ ಪಕ್ಷದವರೆಂದು ಆಗ ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ಅವರ ಮುಂದಾಳು ಶರದ ಜೋಶಿಯವರು ಮುಂದೆ 1994ರಲ್ಲಿ ತಾವೇ ಪಕ್ಷ ಕಟ್ಟಿದರು, 2004ರಲ್ಲಿ ರಾಜ್ಯಸಭೆಗೆ ಹೋದರು. ಆದರ್ಶ ಅಲ್ಲಿಗೆ ಮುಗಿಯಿತು ಎಂದವರಿದ್ದರು. ನನಗೆ ಹಾಗನ್ನಿಸಲಿಲ್ಲ. ಬೆಳೆಗೆ ಬೆಲೆ ಎಂಬ ಮಾತನ್ನು ಅವರು ಬಿಡಲಿಲ್ಲ. ದಾರಿ ಬೇರೆಯಾಯಿತು, ಹೋಗಬೇಕಾದ ಊರು ಅದೇ.

"ಆಡಳಿತ ಪಕ್ಷದಾಗ ಇದ್ರ ಊರಿನ ಕೆಲಸ ಆಗ್ತಾವಕ್ಕಾ" ಎಂದು ತಮ್ಮ ವಾದಿಸುತ್ತಾನೆ. ಇದನ್ನು ತಳ್ಳಿಹಾಕಲಾರೆ. ರಸ್ತೆ, ನೀರು, ಶಾಲೆಯ ಕೋಣೆ ಆದರ್ಶದಿಂದ ಬರುವುದಿಲ್ಲ. ಆದರೆ 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ನದೀತೀರದ ಹಳ್ಳಿಗಳು ಮುಳುಗಿದಾಗ ಅಥಣಿಗೂ ಕಾಗವಾಡಕ್ಕೂ ಶಾಸಕರೇ ಇರಲಿಲ್ಲ. ಜುಲೈ ಕೊನೆಗೆ ಇಬ್ಬರೂ ಅನರ್ಹರಾಗಿದ್ದರು, ಉಪಚುನಾವಣೆ ನಡೆದದ್ದು ಡಿಸೆಂಬರ್ 5ಕ್ಕೆ. ಅನರ್ಹರಾದವರೇ ಎರಡೂ ಕಡೆ ಗೆದ್ದರು, ಮುಂದೆ 2023ರಲ್ಲಿ ಸೋತರು. ಪಕ್ಷ ಬದಲಿಸಿದವರಿಗೆ ಮತದಾರ ಬುದ್ಧಿ ಕಲಿಸಿದ ಎನ್ನೋಣವೆಂದರೆ, ಆಗ ಗೆದ್ದವರೂ ಬದಲಿಸಿ ಬಂದವರೇ!

ಮನಸ್ಸು ಬದಲಾಗುವುದು ತಪ್ಪಲ್ಲ. ನಾನೂ ಎಷ್ಟೋ ವಿಷಯದಲ್ಲಿ ಬದಲಾಗಿದ್ದೇನೆ. ನಿನ್ನೆಯ ಮನೆಯಲ್ಲಿ ಏನು ಕೆಟ್ಟಿತ್ತು, ಇಂದಿನದರಲ್ಲಿ ಏನು ಒಳ್ಳೆಯದು ಎಂದು ಬಿಡಿಸಿ ಹೇಳಬೇಕು, ಅಷ್ಟೇ ನನ್ನ ತಕರಾರು. ನನ್ನ ತಮ್ಮನೂ ಹೇಳಲಿಲ್ಲ, ತಂಗಿಯ ಗಂಡನೂ ಹೇಳಲಿಲ್ಲ.

ಆ ಮಹಾಪೂರದಲ್ಲಿ ತಂಗಿಯ ಮನೆಗೂ ನೀರು ಹೊಕ್ಕಿತ್ತು. ತಮ್ಮ ಟ್ರ್ಯಾಕ್ಟರ್ ತೆಗೆದುಕೊಂಡು ಹೋಗಿ ಸಾಮಾನು, ಎರಡು ಎಮ್ಮೆ, ತಂಗಿ, ಮಕ್ಕಳು ಎಲ್ಲವನ್ನೂ ಏರಿಸಿ ತಂದು ಪರಿಹಾರ ಕೇಂದ್ರವಾಗಿದ್ದ ಶಾಲೆಗೆ ಇಳಿಸಿದ. ಭಾವನವರು ಹಿಂದೆ ಟ್ರಾಲಿಯಲ್ಲಿ ಎಮ್ಮೆಯ ಹಗ್ಗ ಹಿಡಿದು ನಿಂತಿದ್ದರಂತೆ. ದಾರಿಯುದ್ದಕ್ಕೂ ಇಬ್ಬರೂ ತುಟಿ ಬಿಚ್ಚಲಿಲ್ಲವೆಂದು ತಂಗಿ ಹೇಳಿದಳು.

ಹೋದ ಪಂಚಮಿಗೆ ಅವಳೊಬ್ಬಳೇ ಬಸ್ಸಿನಲ್ಲಿ ಬಂದು ಜೋಕಾಲಿ ಆಡಿ ಸಂಜೆಗೇ ಹೊರಟಳು. ಅವ್ವ ಉಂಡಿ ಡಬ್ಬಿ ಕೊಟ್ಟಳು. ತಮ್ಮ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಕಳಿಸಿ ಬಂದ. ಆ ಹುಡುಗಿಗೆ ಉತ್ತರ ಹೇಳುವುದು ಹಾಗೇ ಉಳಿದಿದೆ. ಈಗವಳು ಹತ್ತನೆಯ ತರಗತಿ, ಇನ್ನೂ ಹಿಂದಿನ ಸಾಲಿನಲ್ಲೇ ಕೂರುತ್ತಾಳೆ.