ಎತ್ತರಿಸಿದ ಗಾಡಿಗೆ ಯಾವುದು ನೇರ?

ಅಮೆರಿಕದಲ್ಲಿ ಪಿಕಪ್ ಟ್ರಕ್ಕನ್ನು ಎತ್ತರಿಸಿ ದೊಡ್ಡ ಟೈರು ಹಾಕಿಸುವ ಹುಚ್ಚು ಹಳೆಯದು. ಎರಡು ಮೂರು ಇಂಚು ಏರಿಸಿದೊಡನೆ ಮುಂಚಕ್ರಗಳ ಕೋನಗಳು ಕದಲುತ್ತವೆ; ಸಾಮಾನ್ಯವಾಗಿ ಕ್ಯಾಸ್ಟರ್, ಎಂದರೆ ಸ್ಟೀರಿಂಗ್ ಅಕ್ಷ ಹಿಂದಕ್ಕೆ ಓರೆಯಾಗಿರುವ ಕೋನ, ಕುಗ್ಗಿ, ತಿರುವು ಮುಗಿದರೂ ಸ್ಟೀರಿಂಗ್ ತಾನಾಗಿ ಮಧ್ಯಕ್ಕೆ ಮರಳಲು ಸೋಮಾರಿತನ ತೋರುತ್ತದೆ. ಅಲೈನ್‌ಮೆಂಟ್ ಯಂತ್ರಕ್ಕೋ ಕಾರ್ಖಾನೆಯ ಅಂಕಿಗಳೇ ಪ್ರಮಾಣ. ಪರದೆಯೆಲ್ಲ ಹಸಿರಾದರೂ ಗಾಡಿ ಹೆದ್ದಾರಿಯಲ್ಲಿ ಅತ್ತಿತ್ತ ಎಳೆಯಬಹುದು. ಹಾಗಾದರೆ ‘ಸರಿ’ ಇರುವುದು ಅಂಕಿಯಲ್ಲೋ, ಅದರ ಉದ್ದೇಶದಲ್ಲೋ? ವೇದದ ಯಾಗವಿಧಿಗಳ ಅರ್ಥ ನಿರ್ಣಯಿಸುವ ಮೀಮಾಂಸಕರಿಗೆ ಈ ಪ್ರಶ್ನೆ ಹೊಸದಲ್ಲ. ಮೂಲ ಯಾಗದಲ್ಲಿ ಅಗ್ನಿಯ ಹೆಸರಿರುವ ಮಂತ್ರವನ್ನು ಸೂರ್ಯನಿಗೆ ಹವಿಸ್ಸು ಕೊಡುವ ವಿಕೃತಿ ಯಾಗಕ್ಕೆ, ಎಂದರೆ ಮೂಲದ ಮಾದರಿಯಲ್ಲೇ ನಡೆಯುವ ಯಾಗಕ್ಕೆ, ತಂದಾಗ ಹೆಸರು ಬದಲಿಸಲೇಬೇಕು ಎಂದರು. ಅದೇ ‘ಊಹ’, ಜೈಮಿನಿ ಸೂತ್ರಗಳ 9ನೆಯ ಅಧ್ಯಾಯದ ವಿಷಯ. ಪದ ಕಾಯ್ದು ಪ್ರಯೋಜನ ಕಳೆದುಕೊಳ್ಳುವುದನ್ನು ಅಂಥ ಕರ್ಮಠರೂ ಒಪ್ಪಲಿಲ್ಲ, ನೋಡಿ.

ಹೀಗೆ ಬಿಟ್ಟರೆ ಪ್ರತಿಯೊಬ್ಬನೂ ತನ್ನ ಸೊಟ್ಟವನ್ನೇ ನೇರ ಎಂದಾನು ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ ಊಹಕ್ಕೂ ಕಟ್ಟುಂಟು: ಪ್ರಯೋಜನ ಬೇಡಿದಷ್ಟೇ ಬದಲಾವಣೆ, ಉಳಿದದ್ದು ಇದ್ದಂತೆ. ದೊಡ್ಡ ಟೈರಿಗೆ ಕ್ಯಾಸ್ಟರ್ ತುಸು ಹೆಚ್ಚು ಬೇಕಾದೀತು, ಅದಕ್ಕಾಗಿ ಮೇಲಿನ ಕಂಟ್ರೋಲ್ ಆರ್ಮ್‌ಗಳನ್ನೇ ಬದಲಿಸಬೇಕಾದೀತು. ಟೋ, ಎಂದರೆ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನದ ವಿಷಯದಲ್ಲಿ ಆ ಸಲಿಗೆ ಇಲ್ಲ, ಅದನ್ನು ಕಡೆಗೆ ಬಿಗಿಯಾಗಿ ಕೂರಿಸಬೇಕು. ಅದು ತಪ್ಪಿದ ಟೈರಿನ ಮೇಲೆ ಅಡ್ಡಲಾಗಿ ಕೈಯಾಡಿಸಿದರೆ ಒಂದು ದಿಕ್ಕಿಗೆ ನುಣುಪು, ಮರುದಿಕ್ಕಿಗೆ ಗರಗಸದ ಹಲ್ಲು.