‘ಇದ್ದು’ ಎಂದರೆ ಇದೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಹವ್ಯಕರ ಮನೆಯಲ್ಲಿ ‘ಅಪ್ಪಯ್ಯ ಬೈಂದ’ ಎಂದರೆ ಅಪ್ಪ ಬಂದಿದ್ದಾನೆ. ‘ಆಯಿ ಬೈಂದು’ ಎಂದರೆ ಅಮ್ಮ ಬಂದಿದ್ದಾಳೆ. ‘ಮಳೆ ಬೈಂದು’ ಎನ್ನುವಾಗಲೂ ಅದೇ ರೂಪ. ಹೆಂಗಸಿಗೂ ಮಳೆಗೂ ಒಂದೇ ಕ್ರಿಯಾಪದ. ಇನ್ನು ‘ಇದ್ದು’ ಎಂದರೆ ಇದೆ. ಪಠ್ಯಪುಸ್ತಕದ ಕನ್ನಡದಲ್ಲಿ ‘ಇದ್ದು’ ಬಂದರೆ ವಾಕ್ಯ ಮುಗಿಯುವುದಿಲ್ಲ, ಮುಂದೇನೋ ಬರಬೇಕೆಂದು ನಾವು ಕಾಯುತ್ತೇವೆ. ಇಲ್ಲಿ ಮಾತು ಅಲ್ಲಿಗೇ ಮುಗಿಯಿತು.

ಈ ಮಾತನ್ನು ಕಂಪ್ಯೂಟರ್ ಕೇಳಿಸಿಕೊಂಡರೆ ಏನಾಗುತ್ತದೆ? ಧ್ವನಿಯನ್ನು ಅಕ್ಷರಕ್ಕಿಳಿಸುವ ತಂತ್ರಾಂಶ ನಮ್ಮ ಹಾಗೆ ಕಿವಿಗೊಟ್ಟು ಕೇಳುವುದಿಲ್ಲ. ದನಿಯನ್ನು ಅಳೆಯುವುದರ ಜೊತೆಗೆ, ತಾನು ಈ ಮೊದಲು ಕಂಡ ರಾಶಿ ರಾಶಿ ಪಠ್ಯದಲ್ಲಿ ಯಾವ ಪದದ ನಂತರ ಯಾವುದು ಬರುವ ಸಂಭವ ಹೆಚ್ಚು ಎಂದೂ ಲೆಕ್ಕ ಹಾಕುತ್ತದೆ. ಅದು ಕಂಡದ್ದೆಲ್ಲ ಪತ್ರಿಕೆಯ ಕನ್ನಡ, ಸರ್ಕಾರಿ ಕನ್ನಡವಾಗಿದ್ದರೆ ‘ಬೈಂದು’ ಅದಕ್ಕೆ ‘ಬಂದು’ವಿನ ಕೆಟ್ಟ ಉಚ್ಚಾರಣೆ. ವ್ಯಾಕರಣದ ಪಟ್ಟಿ ಹಚ್ಚುವ ತಂತ್ರಾಂಶಕ್ಕೆ ‘ಇದ್ದು’ ಅಪೂರ್ಣ ಕ್ರಿಯೆ. ಇಂಗ್ಲಿಷಿಗೆ ಅನುವಾದಿಸುವ ತಂತ್ರಾಂಶಕ್ಕೆ ಸಿಕ್ಕರೆ ಆಯಿ ಒಂದು ವಸ್ತುವಾಗಿಬಿಡುವ ಸಾಧ್ಯತೆಯೂ ಉಂಟು. ಭಾಷೆಯನ್ನು ಉಳಿಸಲು ಬಂದದ್ದೇ, ಹಳ್ಳಿಯ ಮಗುವಿನ ಮಾತು ತಿದ್ದುತ್ತಿದ್ದ ಶಾಲೆಯ ಕೆಲಸವನ್ನು ಮುಂದುವರಿಸುತ್ತದೆ. ಮೇಷ್ಟ್ರು ಒಂದು ತರಗತಿಯನ್ನು ತಿದ್ದುತ್ತಿದ್ದರು, ಅಷ್ಟೇ ವ್ಯತ್ಯಾಸ.

ಇದು ಯಂತ್ರದ ದೋಷ ಮಾತ್ರವಲ್ಲ. ದಾಖಲಿಸುವವರು ತಮ್ಮ ಪ್ರಶ್ನೆಯನ್ನು ಜೊತೆಗೇ ಹೊತ್ತು ತರುವುದು ಹಳೆಯ ಸಂಗತಿ. ಗ್ರಿಯರ್ಸನ್ ಭಾರತದ ಭಾಷಾ ಸರ್ವೇಕ್ಷಣೆ ನಡೆಸಿದಾಗ ಊರೂರಿನಿಂದ ಮೊದಲ ಮಾದರಿಯಾಗಿ ತರಿಸಿದ್ದು ಒಂದೇ ಕಥೆಯನ್ನು: ಬೈಬಲಿನ ತಪ್ಪಿಹೋದ ಮಗನ ಸಾಮತಿ. ಇಲ್ಲಿಯವರ ಮನಸ್ಸಿಗೆ ನೋವಾಗದಂತೆ ಅದರಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಬದಲಿಸಿದ್ದರು. ಒಂದೇ ಕಥೆಯಾದರೆ ಭಾಷೆಗಳನ್ನು ಹೋಲಿಸುವುದು ಸುಲಭ, ಆ ಲಾಭ ಸಣ್ಣದಲ್ಲ. ಆದರೆ ಅಡಿಕೆ ಸುಲಿಯುವಾಗ ಜನ ಏನು ಮಾತಾಡುತ್ತಾರೆ ಎಂಬುದು ಆ ಕಥೆಯ ಅನುವಾದದಲ್ಲಿ ಹೇಗೆ ಬಂದೀತು?

ಹಾಗೆಂದು ಯಂತ್ರವನ್ನು ಬೈದು ಕೂರುವುದು ನನಗೆ ಒಪ್ಪಿಗೆಯಿಲ್ಲ. ನೆದರ್ಲೆಂಡ್ಸಿನಲ್ಲಿ ರೂಪುಗೊಂಡ ಎಲಾನ್ ಎಂಬ ತಂತ್ರಾಂಶದಲ್ಲಿ ಧ್ವನಿಯ ಒಂದೊಂದು ತುಣುಕಿನ ಕೆಳಗೂ ಸಾಲು ಸಾಲಾಗಿ ಅದರ ಲಿಪ್ಯಂತರ, ಪದವಿಭಾಗ, ಅರ್ಥ ಎಲ್ಲವನ್ನೂ ಜೋಡಿಸಬಹುದು. ಮುಂದೆ ಯಾರಾದರೂ ‘ಇಲ್ಲಿ ತಪ್ಪಾಗಿದೆ’ ಎಂದರೆ ಮೂಲದ ದನಿ ಅಲ್ಲೇ ಇರುತ್ತದೆ, ಮತ್ತೆ ಕೇಳಬಹುದು. ಬರೀ ಕಾಗದದ ನಿಘಂಟಿನಲ್ಲಿ ಈ ಅನುಕೂಲವಿರಲಿಲ್ಲ. ಒಂದು ಗಂಟೆಯ ಮಾತನ್ನು ಹೀಗೆ ಬಿಡಿಸಲು ಹತ್ತಾರು ಗಂಟೆ ಬೇಕು. ಆ ಬೇಸರದ ಕೆಲಸದಲ್ಲಿ ಯಂತ್ರ ಕೈಹಿಡಿದರೆ ಬೇಡವೆನ್ನುವುದೇಕೆ? ದಾಖಲೆಯಿಂದ ಭಾಷೆ ಮರಳಿ ಎದ್ದದ್ದೂ ಉಂಟು. ಅಮೆರಿಕದ ವಾಂಪನೋಗ್ ಜನರ ಮಾತು ನಿಂತುಹೋಗಿ ನೂರು ವರ್ಷ ಮೀರಿತ್ತು. ಅವರನ್ನು ಮತಾಂತರಿಸಲೆಂದೇ 1663ರಲ್ಲಿ ಅಚ್ಚಾದ ಬೈಬಲು ಮತ್ತು ಹಳೆಯ ಪತ್ರಗಳ ನೆರವಿನಿಂದ ಜೆಸ್ಸಿ ಲಿಟಲ್ ಡೋ ಬೇರ್ಡ್ ಎಂಬ ಆ ಸಮುದಾಯದ ಹೆಣ್ಣುಮಗಳು ಅದನ್ನು ಮತ್ತೆ ಮಕ್ಕಳ ಬಾಯಿಗೆ ತಂದರು. ಅಚ್ಚು ಹಾಕಿದವರ ಉದ್ದೇಶ ಒಂದು, ಆದದ್ದು ಇನ್ನೊಂದು.

ನನ್ನನ್ನು ಕಾಡುವುದು ಬೇರೆ ಪ್ರಶ್ನೆ. ಯಾರ ಮಾತನ್ನು ಮೊದಲು ದಾಖಲಿಸಬೇಕು?

2011ರ ಜನಗಣತಿಯಲ್ಲಿ ಜನ ತಮ್ಮ ಮಾತೃಭಾಷೆಯೆಂದು ಹೇಳಿದ ಹೆಸರುಗಳು 19,569. ಸೋಸಿ, ಸೇರಿಸಿ ಕೊನೆಗೆ ಪಟ್ಟಿಯಲ್ಲಿ ಉಳಿದ ಭಾಷೆಗಳು 121. ಕನ್ನಡದ ಅಡಿಯಲ್ಲಿ ಬಡಗ, ಕುರುಬಗಳಿಗೆ ಪ್ರತ್ಯೇಕ ಲೆಕ್ಕವಿದೆ, ಹವ್ಯಕಕ್ಕೆ ಇಲ್ಲ. ಇದರಿಂದ ಹವ್ಯಕರಿಗೆ ಬೇಸರವಾಗಬಹುದು, ಆದರೆ ಅವರಿಗೆ ಓದು ಬರಹವಿದೆ, ಮಠವಿದೆ, ಸಭೆ ಸಂಘಗಳಿವೆ, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಬಲ್ಲ ಮಕ್ಕಳಿದ್ದಾರೆ. ಅದೇ ಯಲ್ಲಾಪುರದ ಕಾಡಂಚಿನಲ್ಲಿ, ಹಳಿಯಾಳ ಮುಂಡಗೋಡಗಳಲ್ಲಿ ಸಿದ್ದಿಗಳಿದ್ದಾರೆ. ಆಫ್ರಿಕಾದಿಂದ ಗುಲಾಮರಾಗಿ ಬಂದವರ ಸಂತತಿ. ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಅನೇಕರ ಮನೆಮಾತು ಅವರದೇ ಬಗೆಯ ಕೊಂಕಣಿ, ತೋಟದ ಒಡೆಯರೊಡನೆ ಕನ್ನಡ. ಕೊಂಕಣಿ 1992ರಲ್ಲಿ ಎಂಟನೆಯ ಪರಿಚ್ಛೇದ ಸೇರಿತು, 2022ರಲ್ಲಿ ಗೂಗಲ್ ಅನುವಾದಕ್ಕೂ ಬಂತು. ಬಂದದ್ದು ಗೋವೆಯ ಕೊಂಕಣಿ, ದೇವನಾಗರಿಯಲ್ಲಿ. ಯಲ್ಲಾಪುರದ ಸಿದ್ದಿ ಅಜ್ಜಿಗೆ ಅದರಿಂದ ಬಂದ ಭಾಗ್ಯವೇನು?

ಯಂತ್ರ ಪಠ್ಯ ಹೆಚ್ಚಿರುವ ಕಡೆಗೆ ಹರಿಯುತ್ತದೆ, ಮಳೆನೀರು ತಗ್ಗಿಗೆ ಹರಿದಂತೆ. ಬರೆಯುವವರಿರುವ ಭಾಷೆಗೆ ಇನ್ನಷ್ಟು ಸಿಗುತ್ತದೆ. ಇದನ್ನು ತಿರುಗಿಸಲು ಮನುಷ್ಯರೇ ಕಾಲುವೆ ತೋಡಬೇಕು. ಡಿ.ಎನ್. ಶಂಕರ ಭಟ್ಟರ ಹವ್ಯಕ ವ್ಯಾಕರಣವೂ ಕೊರಗ ಭಾಷೆಯ ಅಧ್ಯಯನವೂ 1971ರಲ್ಲೇ ಹೊರಬಂದವು. ಬ್ರಾಹ್ಮಣರ ಮಾತಿಗೂ, ಊರು ಹತ್ತಿರ ಸೇರಿಸದಿದ್ದವರ ಮಾತಿಗೂ ಒಬ್ಬನೇ ವಿದ್ವಾಂಸ ಒಂದೇ ಗಂಭೀರತೆಯಿಂದ ಕಿವಿಗೊಟ್ಟ. ಕಂಪ್ಯೂಟರಿಲ್ಲದೆಯೇ ಆದ ಕೆಲಸ ಅದು.

ದಾಖಲೆಯಾದ ಮೇಲೆ ಅದು ಯಾರದು? ನ್ಯೂಜಿಲೆಂಡಿನ ತೆ ಹಿಕು ಎಂಬ ಮಾವೊರಿ ಬಾನುಲಿ ಸಂಸ್ಥೆ 2018ರಲ್ಲಿ ಹತ್ತೇ ದಿನದಲ್ಲಿ ಸುಮಾರು 300 ಗಂಟೆಗಳಷ್ಟು ಮಾವೊರಿ ಓದನ್ನು ಜನರಿಂದ ಸಂಗ್ರಹಿಸಿತು. ಅದನ್ನು ದೊಡ್ಡ ಕಂಪನಿಗಳಿಗೆ ಒಪ್ಪಿಸಲಿಲ್ಲ. ತಾವು ಒಡೆಯರಲ್ಲ, ಕಾವಲುಗಾರರು ಎಂಬ ಭಾವದ ಪರವಾನಗಿಯೊಂದನ್ನು ತಾವೇ ರೂಪಿಸಿಕೊಂಡರು. ಸೊಪ್ಪಿನ ಬೆಟ್ಟದ ಪದ್ಧತಿ ಬಲ್ಲ ನಮ್ಮ ಸೀಮೆಯವರಿಗೆ ಇದು ಹೊಸತಾಗಿ ಕೇಳಬಾರದು. ಬೆಟ್ಟ ನಿನ್ನದಲ್ಲ, ಸೊಪ್ಪು ದರಕು ತರುವ ಹಕ್ಕುಂಟು, ಕಾಯುವ ಹೊಣೆಯುಂಟು. ಆದರೆ ಸಿದ್ದಿ ಹಾಡೊಂದನ್ನು ಫೋನಿನಲ್ಲಿ ಹಿಡಿದು ಹೊರಟವರಿಗೆ ಇಂಥ ಕಟ್ಟಲೆ ನೆನಪಾಗುವುದಿಲ್ಲ. ಸಹಿ ಹಾಕಿಸಿಕೊಂಡ ಇಂಗ್ಲಿಷ್ ಒಪ್ಪಿಗೆಪತ್ರ ಒಪ್ಪಿಗೆಯಲ್ಲ. ಹಾಡು ಎಲ್ಲೆಲ್ಲಿಗೆ ಹೋಗಬಹುದು, ಯಾವ ಯಂತ್ರಕ್ಕೆ ಉಣಿಸಬಹುದು ಎಂದು ಹಾಡಿದವಳಿಗೆ ಅವಳ ಮಾತಿನಲ್ಲೇ ಗೊತ್ತಾಗಬೇಕು.

ಇನ್ನೂ ಒಂದು ತೊಡಕಿದೆ. ಭಾಷೆ ಉಳಿಯಲಿ ಎನ್ನುವವರು ಆಡುವವರು ಬದಲಾಗಬಾರದೆಂದು ಒಳಗೊಳಗೇ ಬಯಸುತ್ತಾರೆ. ತನ್ನನ್ನು ‘ಅದು’ ಎನ್ನುವುದು ಬೇಡವೆಂದು ಹವ್ಯಕರ ಕೂಸೊಂದು ಹೇಳಿದರೆ ಭಾಷಾಪ್ರೇಮಿ ಏನು ಮಾಡಬೇಕು? ‘ಅದು’ವಿನಲ್ಲಿ ಅಗೌರವವಿಲ್ಲ, ಅಕ್ಕರೆಯಿದೆ ಎಂದು ವಾದಿಸಬಹುದು; ಆಯಿಗೂ ಅದೇ ರೂಪ ಬಳಸುವ ಮನೆಗಳಲ್ಲಿ ಅದು ನಿಜವೂ ಹೌದು. ಆದರೆ ತೀರ್ಮಾನ ಅವಳದು. ಸಿದ್ದಿ ತಾಯಿಯೊಬ್ಬಳು ಮಗುವಿನೊಡನೆ ಕನ್ನಡವನ್ನೇ ಆಡಲು ನಿಶ್ಚಯಿಸಿದರೆ ಅವಳ ಮೇಲೆ ಭಾಷೆ ಕೊಂದ ಆರೋಪ ಹೊರಿಸಲಾಗದು. ಶಾಲೆ, ಬಸ್ಸು, ಆಸ್ಪತ್ರೆ ಎಲ್ಲವೂ ಅವಳನ್ನು ಆ ಕಡೆಗೇ ನೂಕಿವೆ. ನೂಕಿದ್ದನ್ನೂ ದಾಖಲಿಸಬೇಕು, ‘ಬೈಂದು’ವಿನ ಪಕ್ಕದಲ್ಲೇ ‘ಬಂದಿದ್ದಾಳೆ’ ಎಂದು ಯಾರು, ಯಾವಾಗ, ಯಾರ ಮುಂದೆ ಹೇಳತೊಡಗಿದರು ಎಂಬುದನ್ನೂ. ಆ ಧ್ವನಿಯ ಒಂದು ಪ್ರತಿ ಊರಿನ ಶಾಲೆಯಲ್ಲೋ ಗ್ರಂಥಾಲಯದಲ್ಲೋ ಇರಲಿ, ಬೇಡವೆನಿಸಿದ ದಿನ ಅಳಿಸುವ ಹಕ್ಕು ಮಾತಾಡಿದವರ ಕೈಯಲ್ಲಿರಲಿ.