ಹಸಿವಿಲ್ಲದ ಮೀನಿಗೆ ಗಾಳ

ಅಕ್ಟೋಬರ್ ಎರಡನೇ ಶನಿವಾರ ಮೀನು ಹಿಡಿಯಲು ಹೋಗುವುದೆಂದು ನಾನೂ ಆಫೀಸಿನ ಗೆಳೆಯನೂ ತೀರ್ಮಾನಿಸಿ ಮೂರು ವಾರವಾಯಿತು. ಸಿಯಾಟಲ್‌ಗೆ ಪೂರ್ವದಲ್ಲಿರುವ ಕ್ಯಾಸ್ಕೇಡ್ ಬೆಟ್ಟಗಳಿಂದ ಇಳಿದು ಬರುವ ನದಿ. ಮೀನು ಕೋಹೋ ಸಾಲ್ಮನ್. ನಾನು ತೀರ್ಥಹಳ್ಳಿ ಕಡೆಯವನು. ಬಿದಿರು ಕೋಲಿಗೆ ದಾರ ಕಟ್ಟಿ, ಎರೆಹುಳು ಸಿಕ್ಕಿಸಿ, ಹಳ್ಳದ ದಂಡೆಯಲ್ಲಿ ಗಂಟೆಗಟ್ಟಲೆ ಕೂತವನೇ. ಆದರೆ ಈ ಮೀನನ್ನು ಅಂಗಡಿಯ ಮಂಜುಗಡ್ಡೆಯ ಮೇಲೆ ಕೆಂಪು ತುಂಡುಗಳಾಗಿ ಕಂಡದ್ದು ಬಿಟ್ಟರೆ ಜೀವಂತವಾಗಿ ನೋಡಿರಲಿಲ್ಲ. ಗುರುತಿಲ್ಲದ ಮೀನನ್ನು ಹಿಡಿಯಲು ಹೊರಟವನು ಮೊದಲು ಅದರ ಬಗ್ಗೆ ಓದಬೇಕು. ನನ್ನ ತೊಡಕು ಶುರುವಾದದ್ದು ಆ ಓದಿನಿಂದಲೇ.

ಮೊದಮೊದಲು ಓದಿದ್ದೆಲ್ಲ ಕೆಲಸಕ್ಕೆ ಬರುವಂಥದ್ದು. ಅದೇ ನದಿಗೆ ಚಿನೂಕ್ ಸಾಲ್ಮನ್ ಕೂಡ ಬರುತ್ತದೆ, ಎರಡನ್ನೂ ಬೇರೆ ಮಾಡಿ ಗುರುತಿಸದಿದ್ದರೆ ದಂಡ. ಹಾಗಾಗಿ ಬಾಯಿ ತೆರೆದು ನೋಡಬೇಕು: ಚಿನೂಕ್‌ನ ಒಸಡು ಕಪ್ಪು, ಕೋಹೋದ್ದು ಬಿಳಿಚು. ಬಾಲದ ಮೇಲರ್ಧದಲ್ಲಿ ಮಾತ್ರ ಚುಕ್ಕೆಗಳಿದ್ದರೆ ಕೋಹೋ, ಬಾಲದ ತುಂಬ ಇದ್ದರೆ ಚಿನೂಕ್. ಆಮೇಲೆ ಅದರ ಬದುಕಿನ ಕಥೆ ಬಂತು. ಸುಮಾರು ಒಂದೂವರೆ ವರ್ಷ ಹುಟ್ಟಿದ ತೊರೆಯಲ್ಲಿ, ಇನ್ನೊಂದು ಒಂದೂವರೆ ವರ್ಷ ಕಡಲಿನಲ್ಲಿ; ಮೂರನೆಯ ವರ್ಷದ ಶರತ್ಕಾಲದಲ್ಲಿ ತನ್ನ ತೊರೆಯ ವಾಸನೆ ಹಿಡಿದು ವಾಪಸು. ಮೊಟ್ಟೆ ಇಟ್ಟ ಮೇಲೆ ಸಾವು. ನದಿಗೆ ಬಂದ ಮೇಲೆ ಅದು ತಿನ್ನುವುದನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಡುತ್ತದೆ. ಕಡಲಿನಲ್ಲಿ ಕೂಡಿಟ್ಟ ಕೊಬ್ಬೇ ಉಳಿದ ದಾರಿಗೆ ಬುತ್ತಿ.

ಇಲ್ಲಿ ನಾನು ನಿಂತೆ. ನಮ್ಮಲ್ಲಿ ಹಳೆಯದೊಂದು ಹೋಲಿಕೆಯಿದೆ: ನಾದಕ್ಕೆ ಜಿಂಕೆ, ಸ್ಪರ್ಶಕ್ಕೆ ಆನೆ, ರೂಪಕ್ಕೆ ಪತಂಗ, ಗಂಧಕ್ಕೆ ದುಂಬಿ, ರುಚಿಗೆ ಮೀನು ಕೆಡುತ್ತವೆ ಎಂದು. ಇಂದ್ರಿಯ ನಿಗ್ರಹದ ಪಾಠಕ್ಕೆ ಅದು ಚೆಂದವೇ. ಆದರೆ ಗಾಳ ಹಿಡಿದು ಕೂತವನ ಕಡೆಯಿಂದ ನೋಡಿ. ಮೀನು ಸತ್ತದ್ದು ತನ್ನ ನಾಲಗೆಯ ಚಪಲಕ್ಕೆ, ನಾನು ಹುಳು ತೋರಿಸಿದೆ ಅಷ್ಟೇ. ಚಿಕ್ಕಂದಿನಲ್ಲಿ ನನಗೂ ಒಳಗೊಳಗೇ ಹೀಗೇ ಅನ್ನಿಸುತ್ತಿದ್ದಿರಬೇಕು. ಹಸಿವೇ ಇಲ್ಲದ ಮೀನಿನ ಮುಂದೆ ಈ ನೆವ ನಡೆಯುವುದಿಲ್ಲ. ಹೊಳೆಯುವ ತಗಡಿನ ತುಂಡಿಗೆ ಅದು ಯಾಕೆ ಬಾಯಿ ಹಾಕುತ್ತದೆ ಎಂಬುದರಲ್ಲಿ ಒಮ್ಮತವಿಲ್ಲ. ಸಿಟ್ಟು ಎನ್ನುವವರಿದ್ದಾರೆ, ಕಡಲಿನ ಹಳೆಯ ಅಭ್ಯಾಸ ಎನ್ನುವವರೂ ಇದ್ದಾರೆ. ಏನೇ ಇರಲಿ, ಆಸೆ ಅದರದ್ದಲ್ಲ. ಆ ದಂಡೆಯಲ್ಲಿ ಆಸೆ ಇರುವವನು ನಾನೊಬ್ಬನೇ.

ಅಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಅವಳು ನಕ್ಕಳು. "ಮೊಟ್ಟೆ ಇಡಕ್ಕೆ ಬರೋ ಮೀನು ಅಂತ ಈಗ ಗೊತ್ತಾಯ್ತಾ? ನಿನ್ನಪ್ಪ ಕೂಳಿ ಇಟ್ಟು ತರ್ತಿದ್ದದ್ದು ಮತ್ತೇನು?" ನಿಜ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹಳ್ಳದಿಂದ ಗದ್ದೆಗೆ ಹತ್ತಿ ಬರುವ ಮೀನಿಗಾಗಿ ಊರೆಲ್ಲ ಟಾರ್ಚು ಹಿಡಿದು ಹೋಗುತ್ತಿತ್ತು. ಹತ್ತುಮೀನಿನ ಹೊಟ್ಟೆ ತುಂಬ ಮೊಟ್ಟೆ. ಅದಕ್ಕೇ ಅದು ರುಚಿ. "ಅದು ಸಾರಿಗಲ್ವೇನಮ್ಮ" ಎಂದೆ. "ಮತ್ತೆ ನಿಂದೇನು, ಆಟಕ್ಕಾ?" ಎಂದಳು. ನಾನು ಹವಾಮಾನದ ಮಾತು ತೆಗೆದೆ.

ಮೀನಿನ ಗುರುತು ಹತ್ತಲೆಂದು ಕಳೆದ ಭಾನುವಾರ ಇಸಾಕ್ವಾ ಊರಿನ ಮರಿ ಸಾಕಣೆ ಕೇಂದ್ರಕ್ಕೆ ಹೋಗಿದ್ದೆ. 1936ರಲ್ಲಿ ಕಟ್ಟಿದ್ದು. ಗಾಜಿನಾಚೆ ದೊಡ್ಡ ದೊಡ್ಡ ಮೀನುಗಳು ನೀರಿಗೆ ಎದುರಾಗಿ ನಿಂತಿದ್ದವು. ಹೀಗೆ ಸಾಕಿದ ಮರಿಗಳಲ್ಲಿ ಬಹುಪಾಲಿನವಕ್ಕೆ ಬೆನ್ನಿನ ಹಿಂಭಾಗದ ಪುಟ್ಟ ಮಾಂಸಲ ರೆಕ್ಕೆಯನ್ನು ಕತ್ತರಿಸಿ ಬಿಡುತ್ತಾರೆ. ನಾವು ಹೋಗುವ ನದಿಯಲ್ಲಿ ಆ ರೆಕ್ಕೆ ಇಲ್ಲದ್ದನ್ನು ಇಟ್ಟುಕೊಳ್ಳಬಹುದು. ಇದ್ದರೆ ಅದು ಕಾಡುಮೀನು, ನೀರಿನಿಂದ ಪೂರ್ತಿ ಎತ್ತದೆ ಬಿಡಬೇಕು. ಹಿಡಿಯಲೆಂದೇ ಹುಟ್ಟಿಸಿದ ಮೀನು, ಅದಕ್ಕೆ ಅನುಮತಿಯ ಮುದ್ರೆ. ಇದರಿಂದ ಮನಸ್ಸಿಗೆ ಸಮಾಧಾನವಾಗಬೇಕಿತ್ತು. ಆದರೆ ರೆಕ್ಕೆ ಇದ್ದದ್ದೂ ಇಲ್ಲದ್ದೂ ಒಂದೇ ಥರ ಮೂತಿ ಮುಂದೆ ಮಾಡಿ ನಿಂತಿದ್ದವು.

ಈ ನದಿಗಳಲ್ಲಿ ನನಗಿಂತ ಹಳೆಯ ಹಕ್ಕು ಇರುವವರು ಇದ್ದಾರೆ. ಇಲ್ಲಿನ ಮೂಲನಿವಾಸಿಗಳು 1850ರ ದಶಕದ ಒಪ್ಪಂದಗಳಲ್ಲಿ ನೆಲ ಬಿಟ್ಟುಕೊಟ್ಟರೂ ಮೀನಿನ ಹಕ್ಕು ಬಿಟ್ಟಿರಲಿಲ್ಲ. ಆದರೂ ಪೊಲೀಸರು ಹಿಡಿಯುತ್ತಿದ್ದರು. ನಿಸ್ಕ್ವಾಲಿ ಸಮುದಾಯದ ಬಿಲ್ಲಿ ಫ್ರಾಂಕ್ ಜೂನಿಯರ್ ಐವತ್ತಕ್ಕೂ ಹೆಚ್ಚು ಸಲ ಬಂಧನಕ್ಕೊಳಗಾದರು. 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್ ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಅವರದೆಂದು ತೀರ್ಪು ಕೊಟ್ಟರು. ಅವರಲ್ಲಿ ಹಲವರು ವರ್ಷದ ಮೊದಲ ಸಾಲ್ಮನ್ನನ್ನು ಎಲ್ಲರೂ ಹಂಚಿ ತಿಂದು, ಮೂಳೆಗಳನ್ನು ನೀರಿಗೆ ಮರಳಿಸುತ್ತಾರೆ. ಕೊಂದದ್ದನ್ನು ಕೊಂದೆವೆಂದೇ ಒಪ್ಪಿಕೊಳ್ಳುವ ಕ್ರಮ ಅದು ಎಂದು ನನಗನ್ನಿಸುತ್ತದೆ. ನನ್ನ ಹತ್ತಿರ ಇರುವುದು ಲೈಸೆನ್ಸು.

ಗೆಳೆಯನಿಗೆ ನನ್ನ ಗೊಂದಲ ಹೇಳಿದರೆ, "ಎಲ್ಲಾ ಹಿಡಿದು ಬಿಟ್ಟರಾಯ್ತು ಮಾರಾಯ, ಪಾಪವೂ ಇಲ್ಲ, ಮಜಾನೂ ಇದೆ" ಎಂದ. ನನಗೆ ಅದೇ ಎಲ್ಲಕ್ಕಿಂತ ಕೆಟ್ಟದ್ದಾಗಿ ಕಾಣುತ್ತದೆ. ಇನ್ನು ಉಣ್ಣದ ಮೀನು ಹತ್ತು ನಿಮಿಷ ಒದ್ದಾಡಿ ಕಳೆದುಕೊಂಡ ಶಕ್ತಿಯನ್ನು ಎಲ್ಲಿಂದ ತುಂಬಿಕೊಳ್ಳುತ್ತದೆ? ಅದರ ಬುತ್ತಿಯನ್ನು ನನ್ನ ಮಜಕ್ಕೆ ಖರ್ಚು ಮಾಡಿ, ಬೆನ್ನು ತಟ್ಟಿ ಕಳಿಸುವುದು ದಯೆಯೆಂದು ನನಗೆ ಅನ್ನಿಸುವುದಿಲ್ಲ. ಅಪ್ಪನ ಕೂಳಿಗೆ ಈ ನಾಟಕ ಗೊತ್ತಿರಲಿಲ್ಲ.

ಹೋಗುವುದನ್ನೇ ಬಿಡಬಹುದಲ್ಲ ಎಂದು ನೀವು ಕೇಳಬಹುದು. ಅಂಗಡಿಯ ಸಾಲ್ಮನ್ ತಿನ್ನುವುದನ್ನು ನಾನು ಬಿಟ್ಟಿಲ್ಲ. ಅದನ್ನು ಬಿಡದೆ ಇದನ್ನು ಬಿಟ್ಟರೆ, ಕೊಲ್ಲುವ ಕೆಲಸವನ್ನು ಇನ್ನೊಬ್ಬನಿಗೆ ವಹಿಸಿ ಕೈ ತೊಳೆದುಕೊಂಡಂತೆ. ಹಾಗಾಗಿ ಹೋಗುತ್ತೇನೆ. ಮುಳ್ಳು ತೆಗೆದ ಗಾಳ ಒಂದೇ. ರೆಕ್ಕೆ ಕತ್ತರಿಸಿದ್ದು ಸಿಕ್ಕರೆ ಅಲ್ಲಿಯೇ ತಲೆಗೆ ಹೊಡೆದು ಮುಗಿಸಿ, ಕೋಲು ಮಡಚಿ ಮನೆಗೆ. ಕಾಡುಮೀನು ಸಿಕ್ಕರೆ ಬಿಟ್ಟು, ಆಗಲೂ ಕೋಲು ಮಡಚಿ ಮನೆಗೆ. ಇದಕ್ಕಾಗಿ ಎರಡು ಗಂಟೆ ಕಾರು ಓಡಿಸಬೇಕಾ ಎಂದು ಗೆಳೆಯ ಗೊಣಗುತ್ತಿದ್ದಾನೆ.

ಇಟ್ಟುಕೊಂಡ ಮೀನನ್ನು ಕೂಡಲೇ ಕಾರ್ಡಿನಲ್ಲಿ ಬರೆಯಬೇಕೆಂದು ನಿಯಮ: ದಿನಾಂಕ, ಜಾಗ, ಜಾತಿ. ಮಳೆಯಲ್ಲೂ ಬರೆಯುವ ಪೆನ್ನೊಂದನ್ನು ನಿನ್ನೆ ತಂದಿಟ್ಟಿದ್ದೇನೆ. ಅಮ್ಮನಿಂದ ಸಾರಿಗೆ ಎಷ್ಟು ಹುಣಸೆಹಣ್ಣು ಎಂದು ಇನ್ನೂ ಕೇಳಿಲ್ಲ.